ಅರ್ಥವಾಗದ ಕಲೆ

ಚಿತ್ರಪ್ರದರ್ಶನಕ್ಕೆ ಹೋದ ನಮ್ಮಲ್ಲಿ ಬಹುಮಂದಿ ಹೊಸ ಬಗೆಯ ಕೃತಿಯೊಂದರ ಮುಂದೆ ನಿಂತೊಡನೆ, “ಇದೂ ಒಂದು ಕಲೆಯೇ?” ಎಂದು ನಕ್ಕು ಮುಂದೆ ಸಾಗುತ್ತೇವೆ. ಆ ನಗೆಯಲ್ಲಿ ನಾನೂ ಪಾಲುಗಾರನಾಗಿದ್ದೆ. ಆ ತಪ್ಪನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಈ ನಾಲ್ಕು ಮಾತು.

ಬ್ಯಾಡರಹಳ್ಳಿಯ ನಮ್ಮ ಬೀದಿಯ ಗೆಳೆಯನೊಬ್ಬ ಚಿತ್ರಕಲೆ ಕಲಿಯುತ್ತಿದ್ದಾನೆ. ಸಹಪಾಠಿಗಳೆಲ್ಲ ಸೇರಿ ನಡೆಸಲಿರುವ ಪ್ರದರ್ಶನಕ್ಕೆ ಉಳಿದವರು ಹೂವು, ಗೋಪುರಗಳನ್ನು ಬರೆಯುತ್ತಿದ್ದರೆ, ಇವನು ತನ್ನ ತಾಯಿ ಹೊಸೆದ ಊದುಬತ್ತಿಗಳನ್ನು ಹಲಗೆಗೆ ಒಂದೊಂದಾಗಿ ನೆಡುತ್ತಿದ್ದಾನೆ. ಒಟ್ಟು ಸಾವಿರ ಕಡ್ಡಿ. ಆಕೆಗೆ ಕೂಲಿ ಸಿಗುವುದು ಸಾವಿರದ ಲೆಕ್ಕದಲ್ಲಿ. ನಡುವೆ ಕರಿಯ ಹಿಟ್ಟಿನಲ್ಲಿ ಒತ್ತಿದ ಆಕೆಯ ಅಂಗೈಯ ಅಚ್ಚು. ಅವನ ತಂದೆ, “ಮಾರಾಟ ಆಗೋವಂಥದ್ದು ಏನಾದ್ರೂ ಬರಿಯೋ” ಎಂದರು. ನಾನೂ ಅವರ ಪರವಾಗಿಯೇ ವಾದಿಸಿದೆ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮಗೆ ಹೊಟ್ಟೆಗಾಗದ ವಿದ್ಯೆ ಏತಕ್ಕೆ?

ಆಗ ಅವನು ಶೀಲಾ ಗೌಡ ಅವರ ವಿಚಾರ ಹೇಳಿದ. 1957ರಲ್ಲಿ ಭದ್ರಾವತಿಯಲ್ಲಿ ಜನಿಸಿ, ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ ಹಾಗೂ ಲಂಡನ್ನಿನಲ್ಲಿ ಕಲಿತ ಈ ಕಲಾವಿದೆ, 1990ರ ದಶಕದ ಮೊದಲಲ್ಲಿ ಬಣ್ಣದಿಂದ ಸಗಣಿಯ ಕಡೆಗೆ ಹೊರಳಿದರು. 2007ರಲ್ಲಿ ಜರ್ಮನಿಯ ಕಾಸೆಲ್ ನಗರದ ‘ಡಾಕ್ಯುಮೆಂಟಾ’ ಪ್ರದರ್ಶನದಲ್ಲಿ ಊದುಬತ್ತಿಯ ಹಿಟ್ಟು ಉರಿದು ಉಳಿದ ಬೂದಿಯನ್ನೇ ಕೃತಿಯಾಗಿಟ್ಟರು. 2009ರ ವೆನಿಸ್ ಬಿಯೆನಾಲೆ ಪ್ರದರ್ಶನದಲ್ಲಿದ್ದ ಅವರ ‘ಬಿಹೋಲ್ಡ್’ ಕೃತಿಯಲ್ಲಿ ಸುಮಾರು 4,000 ಮೀಟರ್ ಕೂದಲ ಹಗ್ಗ ಮತ್ತು ಸುಮಾರು 20 ಕಾರಿನ ಬಂಪರುಗಳಿವೆ. ಇಂದು ಅದು ಲಂಡನ್ನಿನ ಟೇಟ್ ಸಂಗ್ರಹಕ್ಕೆ ಸೇರಿದೆ.

ಇದನ್ನು ಕೇಳಿ ನನಗೆ ನಾಚಿಕೆಯಾಯಿತು. ದೃಷ್ಟಿ ತಾಗದಿರಲೆಂದು ಬಂಪರಿಗೆ ಸುತ್ತಿದ ಕೂದಲ ಹಗ್ಗವನ್ನು ಮಾಗಡಿ ರಸ್ತೆಯಲ್ಲಿ ನಾನು ಎಷ್ಟು ಸಲ ಕಂಡಿಲ್ಲ! ದೇವರಿಗೆ ಹರಕೆ ಒಪ್ಪಿಸಿದ ಮುಡಿಯಿಂದ ಆಗುವ ಹಗ್ಗವದು. ಶೀಲಾ ಅವರ ಕೃತಿಯಲ್ಲಿ ಭಾರವಾದ ಉಕ್ಕನ್ನು ಆ ಮೆದು ಕೂದಲೇ ತೂಗಿ ಹಿಡಿದಿದೆ. ಯಂತ್ರವನ್ನು ನಡೆಸುವ ಮನುಷ್ಯನ ಭಯವನ್ನೂ ನಂಬಿಕೆಯನ್ನೂ ಇದಕ್ಕಿಂತ ಸರಳವಾಗಿ ಹೇಳುವುದು ಹೇಗೆ? ಅರ್ಥವಾಗದ ಕಲೆಯೆಂದು ನಾವು ದೂರವಿಟ್ಟದ್ದು ನಮ್ಮ ಬೀದಿಯಿಂದಲೇ ಹೋದದ್ದು.

ಕಷ್ಟವಾದುದೆಲ್ಲ ಶ್ರೇಷ್ಠವೆಂದು ನನ್ನ ವಾದವಲ್ಲ. ವಿಚಿತ್ರವಾಗಿದ್ದರೆ ಸಾಕೆಂಬ ಸೋಮಾರಿತನವೂ ಉಂಟು. ಕಲಾವಿದನಿಗೂ ಒಂದು ಹೊಣೆಯಿದೆ: ಕೃತಿಯ ಪಕ್ಕದ ಚೀಟಿ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ನಮ್ಮ ತಂದೆತಾಯಿಗಳು ಬಾಗಿಲಲ್ಲೇ ಹಿಂದಿರುಗುತ್ತಾರೆ. ಕನ್ನಡದಲ್ಲಿ ಎರಡು ಸಾಲು ಬರೆದರೆ ಕಲೆಯ ಘನತೆಗೆ ಕುಂದಿಲ್ಲ. ನೋಡುವವರೂ ನಗುವ ಮುನ್ನ ಐದು ನಿಮಿಷ ನಿಲ್ಲಲಿ. ಗದ್ಯಪಾಠದ ಕಠಿಣ ವಾಕ್ಯವನ್ನು ಮೂರು ಸಲ ಓದುವ ನಾವು, ಒಂದು ಕೃತಿಯನ್ನು ಎರಡನೆಯ ಸಲ ನೋಡಲಾರೆವೇ?

ಹೊಟ್ಟೆಪಾಡಿನ ಪ್ರಶ್ನೆಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ. ಗೆಳೆಯನ ಹಲಗೆ ಮಾರಾಟವಾಗದೆಯೂ ಹೋದೀತು. ಆದರೆ ಮೊನ್ನೆ ಅವನ ತಾಯಿ ಅದರ ಮುಂದೆ ಬಹಳ ಹೊತ್ತು ನಿಂತು, “ನನ್ನ ಕೈ ಇಷ್ಟು ಸವೆದೈತಾ?” ಎಂದರು. ಅವರಿಗೆ ಯಾರೂ ಅರ್ಥ ಹೇಳಿರಲಿಲ್ಲ. ಪ್ರದರ್ಶನದ ದಿನ ಅವರನ್ನು ನಾನೇ ಬಸ್ಸಿನಲ್ಲಿ ಕರೆದೊಯ್ಯುವೆನೆಂದು ಮಾತು ಕೊಟ್ಟಿದ್ದೇನೆ.