ಕುಕೀ ಇಲ್ಲದ ಎಣಿಕೆ

ಕುಕೀ ಇಲ್ಲದೆ ಜಾಲತಾಣದ ಓದುಗರ ನಿಜವಾದ ನಡವಳಿಕೆ ತಿಳಿಯದು ಎಂಬ ವಾದ, ಕುಕೀ ಎಲ್ಲರನ್ನೂ ಎಣಿಸುತ್ತದೆಂದು ನಂಬಿ ಹೊರಟಿದೆ. ಹಾಗೇನೂ ಇಲ್ಲ. ಯುರೋಪಿನಲ್ಲಿ ಕುಕೀಗೆ ಒಪ್ಪಿಗೆ ನಿರಾಕರಿಸಿದವರು ಲೆಕ್ಕಕ್ಕೇ ಸಿಗುವುದಿಲ್ಲ. ಸ್ಕ್ರಿಪ್ಟ್ ಇರಿಸಿದ ಕುಕೀಗೆ ಸಫಾರಿ ಬ್ರೌಸರ್ 2019ರಿಂದ ಕೊಟ್ಟಿರುವ ಆಯುಸ್ಸು ಏಳೇ ದಿನ. ಎರಡು ವಾರ ಬಿಟ್ಟು ಬಂದ ಹಳಬ ಅಲ್ಲಿ ಹೊಸಬ!

ಕುಕೀ ಇಲ್ಲದೆಯೇ ಎಣಿಸುವ ಪ್ಲಾಸಿಬಲ್‌ನಂಥ ಸಾಧನ ಐಪಿ ವಿಳಾಸ, ಬ್ರೌಸರ್ ವಿವರಗಳನ್ನು ದಿನದಿನವೂ ಬದಲಾಗುವ ಗುಪ್ತ ಸಂಕೇತದೊಂದಿಗೆ ಬೆರೆಸಿ ಹ್ಯಾಶ್ ಮಾಡುತ್ತದೆ, ಅಂದರೆ ಒಂದು ಗುರುತುಸಂಖ್ಯೆಯಾಗಿಸುತ್ತದೆ. ಹಳೆಯ ಸಂಕೇತವನ್ನು ಅಳಿಸಿಬಿಡುತ್ತದೆ. ಹಾಗಾಗಿ ಒಬ್ಬನೇ ಮಾರನೆಯ ದಿನ ಬಂದರೆ ಎರಡು ಎಣಿಕೆ. ಈ ಕೊರತೆ ನಿಜ. ಆದರೆ ಯಾವ ಪುಟ ಓದಿದರು, ಎಲ್ಲಿಂದ ಬಂದರು, ಎಲ್ಲಿ ಬಿಟ್ಟುಹೋದರು ಎಂದು ತಿಳಿಯಲು ಯಾರ ಬೆನ್ನೂ ಹತ್ತಬೇಕಿಲ್ಲ. ಫ್ರಾನ್ಸಿನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರವಂತೂ ಬರೀ ಎಣಿಕೆಗೆ ಸೀಮಿತವಾದ ಸಾಧನಗಳಿಗೆ, ಷರತ್ತುಗಳೊಡನೆ, ಒಪ್ಪಿಗೆ ಕೇಳುವುದರಿಂದಲೇ ವಿನಾಯಿತಿ ಕೊಟ್ಟಿದೆ.