ಜಲಾನಯನ ಭೂಮಿಯಲ್ಲಿ ಬಡಾವಣೆಗಳು: ನಿರಾಕರಣೆಯ ನ್ಯಾಯ

ಸ್ವಂತ ಮನೆಯೊಂದನ್ನು ಕಟ್ಟಿಕೊಳ್ಳಬೇಕೆಂಬ ಹಂಬಲ ಗೃಹಸ್ಥನಿಗೆ ಸಹಜವಾದುದು. ಅದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಎಲ್ಲಿ ಕಟ್ಟಬೇಕೆಂಬ ಪ್ರಶ್ನೆ ಕಟ್ಟುವವನೊಬ್ಬನಿಗೇ ಸೇರಿದ್ದಲ್ಲ. ರಕ್ಷಿತ ಭೂಮಿಯಲ್ಲಿ ಹೊಸ ಬಡಾವಣೆಗೆ ಅನುಮತಿ ದೊರೆಯದಾಗ ‘ಅಭಿವೃದ್ಧಿಗೆ ಅಡ್ಡಿ’ ಎಂಬ ಕೂಗು ಏಳುತ್ತದೆ. ಆ ಕೂಗಿನಲ್ಲಿ ನ್ಯಾಯವೆಷ್ಟು ಎಂಬುದನ್ನು ತಿಪ್ಪಗೊಂಡನಹಳ್ಳಿ ಜಲಾಶಯದ ನಿದರ್ಶನದಿಂದ ಪರಿಶೀಲಿಸಬಹುದು.

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಯೂ ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯೂ ಕೂಡುವೆಡೆಯಲ್ಲಿ 1933ರಲ್ಲಿ ಈ ಜಲಾಶಯ ಸಿದ್ಧವಾಯಿತು. ಅದಕ್ಕೂ ಮೊದಲು, 1890ರ ದಶಕದಲ್ಲಿ, ಅದೇ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಬೆಂಗಳೂರಿಗೆ ಕೊಳವೆಯ ನೀರು ಹರಿದಿತ್ತು. 1974ರಲ್ಲಿ ಕಾವೇರಿಯ ನೀರು ಬರುವವರೆಗೆ ನಗರದ ದಾಹವನ್ನು ಮುಖ್ಯವಾಗಿ ತಣಿಸಿದುದು ಈ ಚಿಕ್ಕ ಹೊಳೆಯೇ. ಕ್ರಮೇಣ ಹೊಳೆ ಬಡವಾಯಿತು. ಕೊಳವೆಬಾವಿಗಳು, ನೀಲಗಿರಿ ತೋಪುಗಳು, ಮುಚ್ಚಿಹೋದ ರಾಜಕಾಲುವೆಗಳು, ಹಬ್ಬುತ್ತಿರುವ ಬಡಾವಣೆಗಳು ಇವೆಲ್ಲಕ್ಕೂ ಇದರಲ್ಲಿ ಪಾಲುಂಟು. ಆದುದರಿಂದಲೇ 2003ರಲ್ಲಿ ಸರಕಾರವು ಅಧಿಸೂಚನೆ ಹೊರಡಿಸಿ, ಜಲಾಶಯದ ಸುತ್ತ 2 ಕಿಲೋಮೀಟರು, ಎರಡೂ ನದಿಗಳ ಇಕ್ಕೆಲಗಳಲ್ಲಿ 1 ಕಿಲೋಮೀಟರು ಪ್ರದೇಶದಲ್ಲಿ ನಿರ್ಮಾಣಗಳಿಗೆ ಕಟ್ಟುನಿಟ್ಟಾದ ನಿರ್ಬಂಧ ವಿಧಿಸಿತು. 2019ರಲ್ಲಿ ಆ ನಿರ್ಬಂಧ ಸಡಿಲವಾಯಿತು. ಈ ಸಡಿಲಿಕೆ ಸರಿಯಲ್ಲವೆಂಬುದೇ ನನ್ನ ಅಭಿಪ್ರಾಯ.

‘ಹೊಳೆಯೇ ಬತ್ತಿದ ಮೇಲೆ ಯಾವುದರ ರಕ್ಷಣೆ?’ ಎಂದು ಕೇಳುವವರಿದ್ದಾರೆ. ಹೊಳೆ ಬತ್ತಿರಬಹುದು, ಮಳೆ ನಿಂತಿಲ್ಲ. ತೋಪನ್ನು ಕಡಿಯಬಹುದು, ಕಾಲುವೆಯ ಹೂಳನ್ನು ಎತ್ತಬಹುದು, ಕೆರೆಯ ಏರಿಯನ್ನು ಭದ್ರಪಡಿಸಬಹುದು. ಆದರೆ ಸಮತಟ್ಟು ಮಾಡಿ, ರಸ್ತೆ ಹಾಕಿ, ನೂರಾರು ಮಂದಿಗೆ ಹಂಚಿದ ನಿವೇಶನಗಳನ್ನು ಮರಳಿ ಹೊಲವಾಗಿಸಲು ಯಾವ ಸರಕಾರಕ್ಕೂ ಸಾಧ್ಯವಾಗದು. ಕಾಂಕ್ರೀಟು ಹಾಸಿದ ನೆಲದಲ್ಲಿ ಮಳೆನೀರು ಇಂಗುವುದಿಲ್ಲ. ಮನೆಗಳ ಕೊಳಚೆ ಮಾತ್ರ ತಪ್ಪದೆ ಹೊಳೆಗಿಳಿಯುತ್ತದೆ. ಸಮೀಪದ ನೀರನ್ನು ಕೆಡಿಸಿಕೊಂಡ ನಗರವು ಸುಮಾರು 100 ಕಿಲೋಮೀಟರು ದೂರದ ಕಾವೇರಿಯಿಂದ, ನೂರಾರು ಮೀಟರು ಮೇಲೆತ್ತಿ, ಅಪಾರ ವಿದ್ಯುತ್ತನ್ನು ವ್ಯಯಿಸಿ ನೀರು ತರುತ್ತಿದೆ. 2024ರಲ್ಲಿ ಆ ಯೋಜನೆಯ ಐದನೆಯ ಹಂತವೂ ಉದ್ಘಾಟನೆಗೊಂಡಿತು. ಕಾವೇರಿಯಾದರೂ ಅಕ್ಷಯಪಾತ್ರೆಯಲ್ಲ.

ರೈತನ ಆಕ್ಷೇಪಣೆ ಇದಕ್ಕಿಂತ ಗುರುತರವಾದುದು. ‘ನೀರು ಕುಡಿಯುವವರು ಪಟ್ಟಣದವರು, ನಷ್ಟ ಅನುಭವಿಸುವವರು ನಾವೇ?’ ಎಂಬ ಅವನ ಪ್ರಶ್ನೆಗೆ ಕಾನೂನಿನ ಪುಸ್ತಕ ತೋರಿಸಿದರೆ ಉತ್ತರವಾಗದು. ಮಗಳ ಮದುವೆಗೋ ಮಗನ ವ್ಯಾಸಂಗಕ್ಕೋ ಭೂಮಿ ಮಾರಬೇಕಾದವನಿಗೆ ನಿರ್ಬಂಧವು ನಿಜವಾದ ಸಂಕಟವೇ ಸರಿ. ನಗರದ ನೀರಿನ ಕರದಲ್ಲಿ ಒಂದು ಭಾಗ ಈ ಗ್ರಾಮಗಳಿಗೆ ಸಲ್ಲಬೇಕು. ಮಳೆನೀರನ್ನು ಇಂಗಗೊಟ್ಟು ಬೇಸಾಯ ಮಾಡುವವನಿಗೆ ವರ್ಷವರ್ಷವೂ ಪ್ರತಿಫಲ ದೊರೆಯಬೇಕು. ನಿರಾಕರಣೆಯ ಜೊತೆಗೆ ಈ ಹೊಣೆಯನ್ನು ಹೊರದ ಸರಕಾರದ ಮಾತಿಗೆ ನೈತಿಕ ಬಲವಿರದು.

ಇನ್ನು ಬಡವರ ವಸತಿಯ ಮಾತು. ಅದು ಅತ್ಯಗತ್ಯ. ಆದರೆ ಹೊಳೆಯಂಚಿನ ಬಡಾವಣೆಯ ನಿವೇಶನ ಕೂಲಿಕಾರನ ಕೈಗೆಟುಕುವುದು ಅಪರೂಪ. ಬೆಲೆ ಏರಲೆಂದು ಬೇಲಿ ಹಾಕಿ ಖಾಲಿ ಬಿಟ್ಟ ನಿವೇಶನಗಳನ್ನು ನಾವೆಲ್ಲರೂ ಕಂಡಿದ್ದೇವೆ. ಬಡವನಿಗೆ ಮನೆ ಬೇಕಾದುದು ಅವನ ದುಡಿಮೆಯ ಸಮೀಪದಲ್ಲಿ.

ಈ ಸಂಸ್ಥೆಯಲ್ಲಿ ಕಲಿತವರು ಇಂದು ಕಂದಾಯಾಧಿಕಾರಿಗಳಾಗಿ, ಇಂಜಿನಿಯರರಾಗಿ, ವಕೀಲರಾಗಿ, ಉದ್ಯಮಿಗಳಾಗಿ ನಾಡಿನಾದ್ಯಂತ ಇದ್ದಾರೆ. ಒಂದು ಸಹಿಯಿಂದ ಹೊಲ ಬಡಾವಣೆಯಾಗುವ ಸ್ಥಾನದಲ್ಲಿಯೂ ಕೆಲವರಿರಬಹುದು. ಒತ್ತಡದ ನಡುವೆ ‘ಆಗದು’ ಎಂದು ಬರೆಯುವ ಅಧಿಕಾರಿಯ ಬೆಂಬಲಕ್ಕೆ ಸಮಾಜ ನಿಲ್ಲಬೇಕು. ದಾನಿಗಳಲ್ಲಿಯೂ ಒಂದು ವಿನಂತಿ: ವಿದ್ಯಾಸಂಸ್ಥೆಗಳಿಗೆ ಭೂಮಿಯನ್ನು ದಾನವೀಯುವಾಗ ಅದು ಕೆರೆಯಂಗಳವೋ ಕಾಲುವೆಯ ಪಾತ್ರವೋ ಎಂಬುದನ್ನು ಮೊದಲು ವಿಚಾರಿಸಿರಿ. ಧರ್ಮಸಂಸ್ಥೆಗಳೆಂಬ ಕಾರಣದಿಂದ ನಾವು ವಿನಾಯಿತಿ ಕೇಳಲಾಗದು. ಕೇಳಿದೆವಾದರೆ ಇತರರಿಗೆ ಬುದ್ಧಿ ಹೇಳುವ ಅಧಿಕಾರವನ್ನು ಕಳೆದುಕೊಳ್ಳುತ್ತೇವೆ. ಹಸಿದವನಿಗೆ ಅನ್ನವಿಕ್ಕುವ ದಾಸೋಹ ಪರಂಪರೆ ನಮ್ಮದು. ಮುಂದಿನ ಪೀಳಿಗೆಗೆ ನೀರನ್ನು ಉಳಿಸುವುದೂ ಆ ದಾಸೋಹದ ಅಂಗವೇ ಆಗಿದೆ.