ಹಸಿರಲ್ಲ, ಹಸಿ

ಹೈದರಾಬಾದಿನಲ್ಲಿ ಹಸಿಮೆಣಸಿನಕಾಯಿ ವರ್ಷವಿಡೀ ಸಿಗುತ್ತದೆ. ಸುಟ್ಟು ಕುಟ್ಟಲು ತಕ್ಕ ಕಾಯಿಯನ್ನು ಮಾತ್ರ ಸುಗ್ಗಿ ಮುಗಿಯುತ್ತ ಬಂದಂತೆ ಹುಡುಕಬೇಕಾಗುತ್ತದೆ. ಫೆಬ್ರವರಿ ಕಳೆದು ಬಿಸಿಲೇರುವ ಹೊತ್ತಿಗೆ ವರಂಗಲ್, ಖಮ್ಮಂ ಮಾರುಕಟ್ಟೆಗಳಲ್ಲಿ ಒಣಮೆಣಸಿನಕಾಯಿಯ ರಾಶಿ ಬಿದ್ದಿರುತ್ತದೆ. ಆಗ ಬರುವ ಹಸಿಕಾಯಿ ಗಿಡ್ಡ, ಸಿಪ್ಪೆ ದಪ್ಪ, ತುದಿ ಅಲ್ಲಲ್ಲಿ ಕೆಂಪು. ಬಹಳ ಜನ ಅದನ್ನು ಹಳೆಯದೆಂದು ಪಕ್ಕಕ್ಕೆ ಸರಿಸುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ.

ಇದರ ಬೇರು ಒಂದು ಪದದಲ್ಲಿದೆ. ದಿನಸಿ ಆ್ಯಪ್‌ಗಳ ಕನ್ನಡದಲ್ಲಿ ‘ಹಸಿರು ಮೆಣಸಿನಕಾಯಿ’ ಎಂದು ಕಾಣುತ್ತದೆ. ಅದು ‘ಗ್ರೀನ್ ಚಿಲ್ಲಿ’ಯ ಪದಶಃ ಅನುವಾದ. ನಮ್ಮ ಅಡುಗೆಮನೆಯ ಮಾತು ‘ಹಸಿ’. ಹಸಿರು ಬಣ್ಣ, ಹಸಿ ಎಂದರೆ ಒಣಗದ್ದು. ತೆಲುಗಿನ ‘ಪಚ್ಚಿಮಿರಪಕಾಯ’ದಲ್ಲೂ ಇರುವುದು ಹಸಿ ಎಂಬರ್ಥದ ‘ಪಚ್ಚಿ’. ಬಣ್ಣಕ್ಕೆ ‘ಪಚ್ಚ’ ಬೇರೆ ಇದೆ. ದಖ್ಖನಿಯ ‘ಹರೀ ಮಿರ್ಚಿ’ ಬಣ್ಣವನ್ನು ಹಿಡಿಯುತ್ತದೆ. ಒಂದೇ ಬುಟ್ಟಿಯ ಮುಂದೆ ಮೂರು ಭಾಷೆ ಕೇಳುವ ಈ ಊರಿನಲ್ಲಿ ಈ ವ್ಯತ್ಯಾಸ ಕಿವಿಗೆ ಬೀಳದೆ ಇರದು.

ಕನ್ನಡದಲ್ಲಿ ಮೆಣಸಿನಕಾಯಿಗೆ ಮೂರು ಅವಸ್ಥೆ: ಹಸಿ, ಹಣ್ಣು, ಒಣ. ತುದಿ ಕೆಂಪಾದದ್ದು ಪೂರ್ತಿ ಹಸಿರಲ್ಲ, ಆದರೂ ಹಸಿಯೇ. ಸುಡಲು ನನಗೆ ಅದೇ ವಾಸಿ. ಎಳೆಗಾಯಿ ನೀರು ಬಿಟ್ಟುಕೊಂಡು ಮೆತ್ತಗಾಗುತ್ತದೆ. ಬಲಿತ ಕಾಯಿಯ ಸಿಪ್ಪೆಗೆ ಕಪ್ಪು ಚುಕ್ಕೆ ಚೆನ್ನಾಗಿ ಹತ್ತುತ್ತದೆ, ಖಾರದ ಹಿಂದೆ ಸಣ್ಣ ಸಿಹಿಯೂ ಇರುತ್ತದೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸಿಡಿಯದಂತೆ ಕಾಯಿಯನ್ನು ಸೀಳಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಸುಟ್ಟು, ಬೆಳ್ಳುಳ್ಳಿ, ಜೀರಿಗೆ, ಹುರಿದ ಶೇಂಗಾ, ಉಪ್ಪು ಸೇರಿಸಿ ತರಿತರಿಯಾಗಿ ಕುಟ್ಟಿದರೆ ಜೋಳದ ರೊಟ್ಟಿಗೆ ಬೇರೆ ಪಲ್ಯ ಬೇಡ.

ಕೊಳ್ಳುವಾಗ ಬಣ್ಣ ಬಿಟ್ಟು ತೊಟ್ಟು ನೋಡಿ. ತೊಟ್ಟು ಹಸಿರಾಗಿ ಬಿಗಿಯಾಗಿದ್ದರೆ ಕಿತ್ತು ಹೆಚ್ಚು ದಿನವಾಗಿಲ್ಲ. ಅಲ್ಲಾಡಿಸಿದಾಗ ಬೀಜ ಸದ್ದು ಮಾಡಿದರೆ ಒಳಗೆ ಒಣಗತೊಡಗಿದೆ. ಉದ್ದನೆಯ ಬಜ್ಜಿ ಮಿರ್ಚಿ ಈ ಕೆಲಸಕ್ಕೆ ಬಾರದು, ಅದರಲ್ಲಿ ಖಾರ ಸಾಲದು. ಆ್ಯಪ್‌ನ ಚಿತ್ರದಿಂದ ಇದೊಂದೂ ತಿಳಿಯುವುದಿಲ್ಲ. 1999ರಲ್ಲಿ ಶುರುವಾದ ರೈತು ಬಜಾರ್‌ಗಳಲ್ಲಿ, ಎರ್ರಗಡ್ಡದಲ್ಲೋ ಮೆಹದಿಪಟ್ನಂನಲ್ಲೋ, ಯಾವಾಗ ಕಿತ್ತದ್ದೆಂದು ಮಾರುವವರನ್ನೇ ಕೇಳಬಹುದು.

ಪದ ತಪ್ಪಾದರೆ ಏನಾಯಿತು ಎನ್ನಬಹುದು. ಹಸಿರನ್ನೇ ಆರಿಸುವ ಗಿರಾಕಿಗಳು ಹೆಚ್ಚಿದರೆ ಕೊನೆಯ ಕೊಯ್ಲಿನ ಬೆಲೆ ಇಳಿಯುತ್ತದೆ. ಬಿಡಿಸುವ ಕೂಲಿಯೂ ಹುಟ್ಟದಿದ್ದರೆ ರೈತ ಕಾಯನ್ನು ಗಿಡದಲ್ಲೇ ಬಿಡುತ್ತಾನೆ. ಆ ಬುಟ್ಟಿ ಬಜಾರಿಗೆ ಬರಬೇಕಾದರೆ ಅದನ್ನು ‘ಹಸಿ’ ಎಂದು ಗುರುತಿಸಿ ಕೊಳ್ಳುವವರು ಇರಬೇಕು.